ಸುಣ್ಣ ಬಿಡದ ಪ್ರೋಟೀನು

ಮಿದುಳಿನಲ್ಲಿ ಕ್ಯಾಲ್ಸಿಯಂಗೆ ಏನು ಕೆಲಸ ಎಂಬ ಪ್ರಶ್ನೆಗೆ ಉತ್ತರ ಹೊನ್ನಾಳಿಯಿಂದಲೇ ಹೊರಡಲಿದೆ ಎಂದು ಎಂಬತ್ತರ ದಶಕದ ಆರಂಭದಲ್ಲಿ ದೃಢವಾಗಿ ನಂಬಿದ್ದವನು ಇಡೀ ಪ್ರಪಂಚದಲ್ಲಿ ನಾನೊಬ್ಬನೇ. ಅಷ್ಟು ಬಹುಮತ ನನಗೆ ಸಾಕಾಗಿತ್ತು.

ಆಗ ನಾನು ಹೊನ್ನಾಳಿಯ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರದ ಮೇಷ್ಟ್ರು. ಹುಡುಗರಿಗೆ ಆಮ್ಲ, ಕ್ಷಾರ ಹೇಳಿ ಹೇಳಿ ಬೇಸರ ಬಂದು, ವಿಶ್ವವಿದ್ಯಾಲಯದ ಒಬ್ಬ ಪ್ರೊಫೆಸರರ ಕೈಕೆಳಗೆ ಸಂಶೋಧನೆಗೆ ಹೆಸರು ನೋಂದಾಯಿಸಿದ್ದೆ. ಕೆಲಸ ಬಿಡದೆ, ಊರು ಬಿಡದೆ, ಕೂತಲ್ಲೇ ಡಾಕ್ಟರಾಗುವ ಏರ್ಪಾಡು. ಅವರು ಕೊಟ್ಟ ವಿಷಯ ಕುರಿಯ ಮಿದುಳಿನಲ್ಲಿರುವ ಒಂದು ಪ್ರೋಟೀನು. ಅದರ ಸ್ವಭಾವ ಏನೆಂದರೆ, ಕ್ಯಾಲ್ಸಿಯಂ ಕಂಡರೆ ಸಾಕು, ಹೋಗಿ ಹಿಡಿದುಕೊಳ್ಳುತ್ತದೆ. ಹಿಡಿದುಕೊಂಡು ಏನು ಮಾಡುತ್ತದೆ? ಅದು ಸರಿಯಾಗಿ ಗೊತ್ತಿರಲಿಲ್ಲ. ಅದನ್ನು ನಾನು ಕಂಡುಹಿಡಿಯಬೇಕಾಗಿತ್ತು.

ಪ್ರೊಫೆಸರರು ಮೃದು ಮಾತಿನ ಮನುಷ್ಯ. "ಹಿಡಿಯೋದು ದೊಡ್ಡ ವಿಷಯ ಅಲ್ಲ, ಬಿಡೋದು ಮುಖ್ಯ. ಅದು ಕ್ಯಾಲ್ಸಿಯಂ ಅನ್ನು ಯಾವಾಗ, ಹೇಗೆ ಬಿಡುತ್ತೆ ಅಂತ ಗೊತ್ತಾದರೆ, ಮಿದುಳಿನಲ್ಲಿ ಅದರ ಕೆಲಸ ಏನು ಅಂತ ಹೇಳಬಹುದು," ಎಂದು ನನಗೆ ಉಪದೇಶ ಮಾಡಿದ್ದರು. ಕೇಳಿದವರಿಗೆ ವೈರಾಗ್ಯದ ಮಾತಿನ ಹಾಗಿತ್ತು. ಅದರ ಜೊತೆಗೇ, ಎರಡು ಸಲ ಅವಧಿ ವಿಸ್ತರಿಸಿ ಆಗಿದೆ, ಬರುವ ದೀಪಾವಳಿಯೊಳಗೆ ಒಂದಾದರೂ ಗಟ್ಟಿ ಫಲಿತಾಂಶ ತೋರಿಸದಿದ್ದರೆ ನನ್ನ ಹೆಸರನ್ನು ತಾವೇ ಬಿಟ್ಟುಬಿಡಬೇಕಾಗುತ್ತದೆ ಎಂದೂ ಅಷ್ಟೇ ಮೃದುವಾಗಿ ಹೇಳಿದ್ದರು.

ನಾನು ಅಂಜಲಿಲ್ಲ. ಕುರಿ ಇತ್ತು, ಕಾಲೇಜಿನ ಲ್ಯಾಬ್ ಇತ್ತು, ನಾನಿದ್ದೆ. ಇನ್ನೇನು ಬೇಕು?

ಬೇಕಾಗಿದ್ದು ಒಂದು ಫ್ರಿಜ್. ಮಿದುಳು ತಂಪಾಗಿರದಿದ್ದರೆ ಪ್ರೋಟೀನು ಕೆಟ್ಟುಹೋಗುತ್ತದೆ. ಕಾಲೇಜಿನಲ್ಲಿ ಫ್ರಿಜ್ ಇರಲಿಲ್ಲ. ನಮ್ಮ ಬೀದಿಗೆಲ್ಲ ಇದ್ದದ್ದು ಒಂದೇ ಫ್ರಿಜ್, ಅದು ನನ್ನ ಹೆಂಡತಿ ಗಿರಿಜೆಯದು. ತವರೂರು ಕೆರೆಬಿಳಚಿಯಿಂದ ಅವಳ ಅಪ್ಪ ಅಡಿಕೆ ಸುಗ್ಗಿ ಚೆನ್ನಾಗಿ ಆದ ವರ್ಷ ಕೊಡಿಸಿದ್ದು. ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಮೇಲೊಂದು ಕಸೂತಿ ಬಟ್ಟೆ ಹೊದಿಸಿ, ಮನೆಯ ಹಿರಿಯರ ಹಾಗೆ ಪಡಸಾಲೆಯಲ್ಲಿ ಕೂರಿಸಿದ್ದೆವು. ಬೀದಿಯವರ ಹಾಲು, ಮೊಸರು, ದೋಸೆ ಹಿಟ್ಟು, ಪೂಜೆಯ ಮಲ್ಲಿಗೆ ಎಲ್ಲವೂ ಅದರಲ್ಲೇ. ನಮ್ಮದು ತಲೆತಲಾಂತರದಿಂದ ಮೊಟ್ಟೆಯ ಚಿತ್ರವನ್ನೂ ಒಳಗೆ ಬಿಟ್ಟುಕೊಳ್ಳದ ಮನೆತನ. ಇಂಥ ಫ್ರಿಜ್ಜಿನಲ್ಲಿ ಕುರಿಯ ಮಿದುಳು ಇಡುತ್ತೇನೆ ಎಂದು ಹೆಂಡತಿಗೆ ಹೇಳುವ ಧೈರ್ಯ ಯಾವ ಗಂಡನಿಗಿದೆ? ನನಗೂ ಇರಲಿಲ್ಲ. ಅದಕ್ಕೇ ಹೇಳಲಿಲ್ಲ.

ಒಂದು ಬೆಳಿಗ್ಗೆ ಸ್ನಾನ ಮುಗಿಸಿ, ಹಣೆಗೆ ವಿಭೂತಿ ಹಚ್ಚಿ, ಸ್ಟೀಲ್ ಡಬ್ಬಿಯೊಂದನ್ನು ಚೀಲಕ್ಕೆ ಹಾಕಿಕೊಂಡು ದಾದಾಪೀರ್‌ನ ಮಟನ್ ಅಂಗಡಿಗೆ ಹೋದೆ. ವಿಭೂತಿ ಅಳಿಸಿಕೊಂಡು ಹೋಗಬೇಕು ಎಂಬುದು ಅಂಗಡಿಯ ಮುಂದೆ ನಿಂತ ಮೇಲೆ ಹೊಳೆಯಿತು. ಅಲ್ಲಿದ್ದವರು ನನ್ನನ್ನು ನೋಡಿ ದಾರಿ ಬಿಟ್ಟು ನಿಂತರು. ದಾದಾಪೀರ್ ಕೈ ಒರೆಸಿಕೊಳ್ಳುತ್ತ ಕೇಳಿದ:

"ಏನ್ ಮೇಷ್ಟ್ರೇ, ದಾರಿ ತಪ್ಪಿ ಬಂದ್ರಾ?"

"ಇಲ್ಲ ದಾದಾಪೀರ್, ಮಿದುಳು ಬೇಕಾಗಿತ್ತು."

"ಮನೇಲಿ ಎಷ್ಟ್ ಮಂದಿಗೆ?"

"ಮನೆಗಲ್ಲಪ್ಪ. ನನಗೊಬ್ಬನಿಗೇ."

ಅವನ ಮುಖದಲ್ಲಿ ನಿಜವಾದ ಕನಿಕರವಿತ್ತು. "ಹಂಗಾದ್ರೆ ದೊಡ್ಡದೇ ಕೊಡ್ತೀನಿ ಬಿಡ್ರಿ," ಅಂದ.

ಡಬ್ಬಿಯನ್ನು ಫ್ರಿಜ್ಜಿನ ಹಿಂದಿನ ಮೂಲೆಗೆ ತಳ್ಳಿ, ಅದರ ಮುಂದೆ ದೋಸೆ ಹಿಟ್ಟಿನ ಪಾತ್ರೆ ಕಾವಲಿಟ್ಟೆ. ಆ ಗುಟ್ಟು ಶುಕ್ರವಾರದವರೆಗೆ ಉಳಿಯಿತು. ಶುಕ್ರವಾರ ಪಕ್ಕದ ಮನೆ ಶಾಂತಮ್ಮ ಪೂಜೆಗೆ ತನ್ನ ಮಲ್ಲಿಗೆ ತೆಗೆದುಕೊಳ್ಳಲು ಬಂದಳು. ಹೂವಿನ ಡಬ್ಬಿ ಇದೇ ಇರಬೇಕೆಂದು ನನ್ನ ಡಬ್ಬಿಯ ಮುಚ್ಚಳ ತೆಗೆದಳು. ಮಿದುಳನ್ನು ಜನ್ಮದಲ್ಲಿ ನೋಡಿರದ ಆ ತಾಯಿ ಅದೇನು ಎಂದು ನೋಡಿದ ಕೂಡಲೇ ಹೇಗೆ ಗುರುತಿಸಿದಳೋ, ಶಿವನೇ ಬಲ್ಲ. ಅವಳು ಕೂಗಿದ ಕೂಗಿಗೆ ಹೊಳೆಯ ಆಚೆ ದಡದವರೂ ತಿರುಗಿ ನೋಡಿರಬೇಕು.

ಬೀದಿಯ ಹೆಂಗಸರೆಲ್ಲ ನಮ್ಮ ಮನೆ ಮುಂದೆ ಸೇರಿದರು. ತಮ್ಮ ತಮ್ಮ ಹಾಲು, ಮೊಸರು, ಹಿಟ್ಟು ಎಲ್ಲ ಹೊರಗೆ ತೆಗೆದರು. ಮೇಷ್ಟ್ರು ಕದ್ದು ಮಿದುಳು ತಿನ್ನುತ್ತಾರೆ, ಅದಕ್ಕೇ ಅಷ್ಟು ಇಂಗ್ಲಿಷ್ ಬರುತ್ತದೆ ಎಂದು ಒಬ್ಬಾಕೆ ತೀರ್ಪು ಕೊಟ್ಟಳು. ನಾನು ಬಾಗಿಲ ಹಿಂದೆ ಎಲೆ ಅಡಿಕೆ ಜಗಿಯುತ್ತ ನಿಂತಿದ್ದೆ. ಹೊರಗೆ ಹೋಗುವ ಧೈರ್ಯ ನನಗಿರಲಿಲ್ಲ. ಗಿರಿಜೆ ಹೋದಳು. ಅವಳಿಗೂ ಡಬ್ಬಿಯ ವಿಷಯ ಗೊತ್ತಾದದ್ದು ಆಗಲೇ. ಆದರೂ ಸೆರಗು ಸಿಕ್ಕಿಸಿಕೊಂಡು ಮೆಟ್ಟಿಲ ಮೇಲೆ ನಿಂತು ಹೇಳಿದಳು:

"ನಮ್ಮನೆಯವರು ಅದನ್ನ ತಿನ್ನಾಕೆ ತಂದಿಲ್ಲ, ಕಲಿಯಾಕೆ ತಂದಾರೆ. ಅದರಾಗೆ ಒಂದು ಹೊಸಾದು ಕಂಡುಹಿಡಿದು ಡಾಕ್ಟರ್ ಆಗ್ತಾರೆ. ಇದೇ ಬೀದಿಯಾಗೆ ನಿಂತು ನೀವೇ ನೋಡ್ತೀರಿ."

ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ಒಳಗೆ ಬಂದವಳು ನನ್ನನ್ನು ನೋಡಿ, ಬೀದಿಯವರಿಗೆ ಹೇಳಿದ್ದು ಬೇರೆ, ನಿಮಗೆ ಹೇಳುವುದು ಬೇರೆ ಎಂದು ಶುರು ಮಾಡಿದಳು. ಆ ಎರಡನೆಯ ಭಾಗ ಇಲ್ಲಿ ಬರೆಯುವಂಥದ್ದಲ್ಲ. ಆದರೆ ಕೊನೆಗೆ ಅವಳು ಒಂದೇ ಮಾತಿಗೆ ನಿಂತಳು. ಫ್ರಿಜ್ ನಿಮಗೇ ಕೊಟ್ಟಿದ್ದೀನಿ, ಮರ್ಯಾದೆಯನ್ನೂ ಕೊಟ್ಟಿದ್ದೀನಿ, ನನ್ನ ಮಾತು ಉಳಿಸಿ. ಬೀದಿಯವರ ಮಲ್ಲಿಗೆ ಇಲ್ಲದ ಆ ಫ್ರಿಜ್ ಅವತ್ತು ಬಿಕೋ ಎನ್ನುತ್ತಿತ್ತು. ಈಗ ನನ್ನ ಸಂಶೋಧನೆಯ ಮೇಲೆ ಪ್ರೊಫೆಸರರ ದೀಪಾವಳಿ ಗಡುವಿನ ಜೊತೆ ನನ್ನ ಹೆಂಡತಿಯ ಮಾತೂ ಕೂತಿತು.

ಸುದ್ದಿ ಕೆರೆಬಿಳಚಿಗೆ ನಾವು ಹೇಳುವ ಮೊದಲೇ ತಲುಪಿತ್ತು. ಮರುದಿನ ಮೊದಲನೇ ಬಸ್ಸಿಗೆ ಮಾವ ರುದ್ರಪ್ಪನವರು ಬಂದಿಳಿದರು. ಅಡಿಕೆ ಬೆಳೆದು ಮಾರುವ ಮನುಷ್ಯ. ಮಾತಿಗಿಂತ ಮೊದಲು ಎಲೆ ಅಡಿಕೆ ಚೀಲ ಬಿಚ್ಚುವುದು ಅವರ ಪದ್ಧತಿ. ನಮ್ಮ ಕಡೆ ಎಲೆ ಅಡಿಕೆ ಹಾಕಿಕೊಳ್ಳದೆ ಜಗಳ ಕೂಡ ಶುರುವಾಗುವುದಿಲ್ಲ. ಅವರು ನನಗೊಂದು ಎಲೆ ಕೊಟ್ಟು, ತಾವೊಂದು ಮಡಿಸಿಕೊಂಡು, "ಅಲ್ಲಪ್ಪಾ, ನಾವು ಹುಡುಗೀನ ಮೇಷ್ಟ್ರಿಗೆ ಅಂತ ಕೊಟ್ಟಿದ್ದು," ಎಂದು ಅಷ್ಟಕ್ಕೇ ನಿಲ್ಲಿಸಿದರು.

ನಾನು ವಿವರಿಸಿದೆ. ಎಲೆಗೆ ಸುಣ್ಣ ಸವರುತ್ತ, ಅತ್ಯಂತ ಸರಳವಾಗಿ. ನನ್ನ ಅತ್ಯುತ್ತಮ ಪಾಠ ಅದು ಎಂದು ಈಗಲೂ ಅನ್ನಿಸುತ್ತದೆ.

"ಮಾವ, ಈ ಸುಣ್ಣ ಐತಲ್ಲ, ಇದರಾಗೆ ಇರೋದೇ ಕ್ಯಾಲ್ಸಿಯಂ. ಇದು ಮಿದುಳಿನಾಗೂ ಚೂರು ಬೇಕು. ಆದ್ರೆ ಹೆಚ್ಚಾದ್ರೆ ಸುಡ್ತೈತೆ. ಅದಕ್ಕೇ ಅಲ್ಲೊಂದು ಪ್ರೋಟೀನು ಕಾವಲು ಕುಂತೈತೆ. ಬಂದ ಸುಣ್ಣ ಹಿಡಿಯೋದು, ಬೇಕಾದಾಗ ಬಿಡೋದು. ಅದು ಹೆಂಗೆ ಬಿಡ್ತೈತೆ ಅಂತ ನಾನು ನೋಡಾಕೆ ಹೊಂಟೀನಿ."

ಹೇಳಿ ಮುಗಿಸಿ, ಬೆರಳಿನಲ್ಲಿ ಉಳಿದ ಸುಣ್ಣವನ್ನು ಪಕ್ಕದ ಕಂಬಕ್ಕೆ ಒರೆಸಿದೆ.

ಮಾವ ಬಹಳ ಹೊತ್ತು ಜಗಿದು ಯೋಚನೆ ಮಾಡಿದರು. "ಅಂದ್ರೆ ಮಿದುಳೂ ಎಲೆ ಅಡಿಕೆ ಹಾಕ್ಕೊಂತೈತೆ ಅನ್ನು," ಅಂದರು. ಹೆಚ್ಚು ಕಡಿಮೆ ಹಾಗೇ ಎಂದೆ. ಅವರಿಗೆ ಸಮಾಧಾನವಾಯಿತು. ತಮ್ಮ ಬೆರಳನ್ನೂ ಅದೇ ಕಂಬಕ್ಕೆ ಒರೆಸಿ, ಸಂಶೋಧನೆಗೆ ಆಶೀರ್ವಾದವಾಗಿ ಒಳ್ಳೆಯ ಅಡಿಕೆಯ ಒಂದು ಗಂಟು ಕೊಟ್ಟು ಹೋದರು. ಹೋದ ಮೇಲೆ ಗಿರಿಜೆ ಒದ್ದೆ ಬಟ್ಟೆ ತಂದು ಕಂಬ ಉಜ್ಜುತ್ತ, ಅಳಿಯ ಮಾವ ಇಬ್ಬರೂ ಸೇರಿ ಮನೆಗೆ ಸುಣ್ಣ ಬಳಿಯುವ ಖರ್ಚು ಉಳಿಸುತ್ತಿದ್ದೀರಿ ಎಂದಳು. ಅವಳ ಈ ದೂರು ಹಳೆಯದು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಇಲ್ಲಿ ಒಂದು ಮಾತು ಹೇಳಬೇಕು. ಎಲೆಗೆ ಹಚ್ಚಿ ಮಿಕ್ಕ ಸುಣ್ಣವನ್ನು ಡಬ್ಬಿಗೆ ಮತ್ತೆ ಹಾಕುವುದಿಲ್ಲ, ಬಟ್ಟೆಗೆ ಒರೆಸುವುದಿಲ್ಲ. ಕೈಗೆ ಹತ್ತಿರ ಏನಿದೆಯೋ ಅದಕ್ಕೆ. ಕಂಬ, ಬಾಗಿಲ ಚೌಕಟ್ಟು, ದಾವಣಗೆರೆ ಬಸ್ಸಿನಲ್ಲಿ ಮುಂದಿನ ಸೀಟಿನ ಬೆನ್ನು. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಒರೆಸಿದ್ದು ಒರೆಸಿದವನಿಗೂ ಗೊತ್ತಾಗುವುದಿಲ್ಲ. ಉಸಿರಾಟದ ಹಾಗೆ ಅದು ತನ್ನಷ್ಟಕ್ಕೆ ನಡೆಯುತ್ತದೆ.

ಸರಿ, ಕೆಲಸ ಶುರುವಾಯಿತು. ಈ ಪ್ರೋಟೀನಿಗೆ ಒಂದು ದೊಡ್ಡ ಗುಣವಿದೆ. ಮಿದುಳನ್ನು ಅರೆದು ಕುದಿಸಿದರೆ ಬೇರೆ ಪ್ರೋಟೀನುಗಳೆಲ್ಲ ಗಟ್ಟಿಯಾಗಿ ತಳ ಹಿಡಿಯುತ್ತವೆ, ಇದು ಮಾತ್ರ ಏನೂ ಆಗದವರ ಹಾಗೆ ತಿಳಿನೀರಿನಲ್ಲಿ ಉಳಿಯುತ್ತದೆ. ಹಾಗಾಗಿ ಕುದಿಸಿದೆ. ಅವತ್ತು ಶ್ರಾವಣ ಸೋಮವಾರ ಎಂಬುದು ನನಗೆ ನೆನಪಿರಲಿಲ್ಲ. ಉಪವಾಸವಿದ್ದ ಪ್ರಿನ್ಸಿಪಾಲರು ಮೂಗಿಗೆ ಕರ್ಚೀಫು ಹಿಡಿದು ಕೋಣೆಯಿಂದ ಹೊರಗೆ ಓಡಿಬಂದರು. ಕಾಲೇಜಿಗೆ ಅರ್ಧ ದಿನ ರಜೆ ಘೋಷಣೆಯಾಯಿತು. ನನ್ನ ಸಂಶೋಧನೆಯಿಂದ ಸಮಾಜಕ್ಕೆ ಆದ ಪ್ರತ್ಯಕ್ಷ ಉಪಯೋಗ ಅದೊಂದೇ, ಹುಡುಗರು ಈಗಲೂ ನೆನೆಯುತ್ತಾರೆ.

ಮುಂದಿನ ಪರೀಕ್ಷೆ ಹೀಗೆ. ಗಾಜಿನ ಎರಡು ಹಲಗೆಗಳ ನಡುವೆ ಅಂಟಿನಂಥ ಒಂದು ಪದರ ಮಾಡಿ, ಅದರ ಮೇಲ್ತುದಿಗೆ ಪ್ರೋಟೀನು ಹಾಕಿ ಕರೆಂಟು ಹರಿಸಬೇಕು. ಪ್ರೋಟೀನು ನಿಧಾನವಾಗಿ ಕೆಳಗೆ ಓಡುತ್ತದೆ. ಕ್ಯಾಲ್ಸಿಯಂ ಹಿಡಿದುಕೊಂಡಿದ್ದರೆ ಮುಂದೆ ಓಡುತ್ತದೆ. ಬಿಟ್ಟಿದ್ದರೆ ಹಿಂದೆ ಉಳಿಯುತ್ತದೆ. ಬಣ್ಣ ಹಾಕಿದರೆ ಎಲ್ಲಿ ನಿಂತಿದೆ ಎಂದು ನೀಲಿ ಗೆರೆಯಾಗಿ ಕಾಣುತ್ತದೆ. ಕ್ಯಾಲ್ಸಿಯಂ ಅನ್ನು ಕಿತ್ತುಕೊಳ್ಳುವ ಒಂದು ಬಿಳಿ ಪುಡಿಯನ್ನು ಪ್ರೊಫೆಸರರು ಕೊಟ್ಟಿದ್ದರು. ಒಂದು ಕಡೆ ಪುಡಿ ಹಾಕದ ಪ್ರೋಟೀನು, ಇನ್ನೊಂದು ಕಡೆ ಪುಡಿ ಹಾಕಿದ ಪ್ರೋಟೀನು. ಒಂದು ಮುಂದೆ, ಒಂದು ಹಿಂದೆ ಕಾಣಬೇಕು. ಮಕ್ಕಳಾಟ!

ಕರೆಂಟು ಹರಿಯುವಾಗ ಮಾಡಲು ಕೆಲಸ ಇರುವುದಿಲ್ಲ. ಕಾದು ಕೂರಬೇಕು. ಕಾದು ಕೂತವನಿಗೆ ಎಲೆ ಅಡಿಕೆಯಷ್ಟು ಒಳ್ಳೆಯ ಜೊತೆ ಬೇರಿಲ್ಲ. ಮಾವ ಕೊಟ್ಟ ಗಂಟು ಎಲೆ ಸುಣ್ಣದ ಸಮೇತ ಅಲ್ಲೇ ಮೇಜಿನ ಮೇಲಿತ್ತು.

ಬಣ್ಣ ಹಾಕಿ ನೋಡಿದೆ. ಎರಡು ಗೆರೆಗಳೂ ಅಕ್ಕಪಕ್ಕ, ಒಂದೇ ಸಾಲಿನಲ್ಲಿ, ಮುಂದೆ. ಪುಡಿ ಹಾಕಿದರೂ ಪ್ರೋಟೀನು ಕ್ಯಾಲ್ಸಿಯಂ ಬಿಟ್ಟಿರಲಿಲ್ಲ. ಪುಡಿ ಹೆಚ್ಚು ಮಾಡಿದೆ. ಬಿಡಲಿಲ್ಲ. ದ್ರಾವಣವನ್ನು ಹೊಸದಾಗಿ ಮಾಡಿದೆ. ಬಿಡಲಿಲ್ಲ. ಒಂದು ವಿಚಿತ್ರ ಏನೆಂದರೆ, ನಾನು ಎಷ್ಟು ಸರಿಯಾಗಿ ಮಾಡಿಟ್ಟರೂ ಆ ದ್ರಾವಣ ಮರುದಿನದ ಹೊತ್ತಿಗೆ ಕ್ಷಾರದ ಕಡೆ ಜಾರಿರುತ್ತಿತ್ತು. ಹೊಳೆ ನೀರಿನ ಗುಣ ಎಂದು ತೀರ್ಮಾನಿಸಿ, ಎರಡು ಹನಿ ಆಮ್ಲ ಹಾಕಿ ಸರಿ ಮಾಡಿ ಮುಂದುವರಿದೆ. ಕ್ಷಾರ ಎಂದರೇನು, ಸುಣ್ಣ ಎಂಥ ಕ್ಷಾರ ಎಂದು ಅದೇ ವಾರ ಹುಡುಗರಿಗೆ ಪಾಠವನ್ನೂ ಮಾಡಿದ್ದೆ.

ಬೇರೆಯವನಾಗಿದ್ದರೆ ಎಲ್ಲೋ ತಪ್ಪಾಗಿದೆ ಎಂದುಕೊಳ್ಳುತ್ತಿದ್ದ. ನಾನು ಹಾಗೆ ಸಣ್ಣ ಬುದ್ಧಿಯವನಲ್ಲ. ಪ್ರಪಂಚದಲ್ಲಿ ಯಾರಿಗೂ ಸಿಗದ ಪ್ರೋಟೀನು ನನಗೆ ಸಿಕ್ಕಿದೆ ಎಂದುಕೊಂಡೆ. ಹಿಡಿದದ್ದನ್ನು ಯಾವತ್ತೂ ಬಿಡದ ಪ್ರೋಟೀನು! ಅಲ್ಲಿಂದ ಮುಂದೆ ಯೋಚನೆ ತಾನಾಗಿಯೇ ಓಡಿತು. ಮಿದುಳಿನಲ್ಲಿ ಹಿಡಿದದ್ದನ್ನು ಬಿಡದ ಕೆಲಸ ಯಾವುದು? ನೆನಪು! ಮನುಷ್ಯ ಹಳೆಯ ಮಾತನ್ನು ಮರೆಯದೆ ಇರುವುದು ಈ ಪ್ರೋಟೀನು ಸುಣ್ಣ ಬಿಡದೆ ಇರುವುದರಿಂದಲೇ. ಗಿರಿಜೆಗೆ ಹೇಳಿದೆ. ಮದುವೆಯಲ್ಲಿ ನಮ್ಮ ಕಡೆಯವರು ಅವಳ ಕಡೆಯವರಿಗೆ ಮಜ್ಜಿಗೆ ಕೊಡಲಿಲ್ಲ ಎಂಬುದನ್ನು ಅವಳು ಇನ್ನೂ ಮರೆತಿಲ್ಲವಾದ್ದರಿಂದ, ಅವಳಲ್ಲಿ ಈ ಪ್ರೋಟೀನು ಧಾರಾಳವಾಗಿ ಇರಬೇಕು ಎಂದೂ ಹೇಳಿದೆ. ಅವಳು ಆ ಭಾಗವನ್ನು ಒಪ್ಪಲಿಲ್ಲ. ಆದರೆ ಸುದ್ದಿಯನ್ನು ಮಾತ್ರ ಶಾಂತಮ್ಮನಿಗೆ ಅವತ್ತೇ ಮುಟ್ಟಿಸಿದಳು. ಮೇಷ್ಟ್ರಿಗೆ ಸಿಕ್ಕಿತಂತೆ ಎಂದು ಬೀದಿಯಲ್ಲಿ ಗುಸುಗುಸು ಹಬ್ಬಿತು. ಮುಖ ತಿರುಗಿಸಿ ಹೋಗುತ್ತಿದ್ದವರು ನಿಂತು ಮಾತಾಡಿಸತೊಡಗಿದರು. ಒಂದು ಬೆಳಿಗ್ಗೆ ಶಾಂತಮ್ಮ ಒಂದು ಮೊಳ ಮಲ್ಲಿಗೆ ತಂದು, ಫ್ರಿಜ್ಜಿನಲ್ಲಿ ಜಾಗ ಇದ್ದರೆ ಇಡುತ್ತೇನೆ ಎಂದು ಕೇಳಿದಳು. ಗಿರಿಜೆಯ ಮುಖ ಅವತ್ತು ಅರಳಿದ್ದನ್ನು ನೋಡಿ ತುಂಬ ಸಂತೋಷಪಟ್ಟೆ.

ಪ್ರೊಫೆಸರರಿಗೆ ಕಾಗದ ಬರೆದೆ. ಅದರಲ್ಲಿ ವಿನಯ ಎಷ್ಟಿತ್ತು ಎಂದರೆ, ಓದಿದವರಿಗೆ ಅಹಂಕಾರ ಎಂದೇ ಅನ್ನಿಸಬೇಕು. ಅವರು ಉತ್ತರ ಬರೆಯಲಿಲ್ಲ. ದೀಪಾವಳಿಗೆ ಮುಂಚೆ ತಾವೇ ಹೊನ್ನಾಳಿಗೆ ಬರುವುದಾಗಿ ಹೇಳಿ ಕಳಿಸಿದರು. ಅಷ್ಟು ದೊಡ್ಡ ಮನುಷ್ಯ ನನ್ನ ಪ್ರೋಟೀನು ನೋಡಲು ಬಸ್ಸಿನಲ್ಲಿ ಬರುತ್ತಾರೆ! ಮಾವನಿಗೂ ಹೇಳಿಕಳಿಸಿದೆವು. ಗಿರಿಜೆ ಹೋಳಿಗೆಗೆ ಬೇಳೆ ನೆನೆಹಾಕಿದಳು.

ಪ್ರೊಫೆಸರರು ಬಂದರು. ಕೈಯಲ್ಲೊಂದು ಸಣ್ಣ ಬುಟ್ಟಿ. ಅದರಲ್ಲಿ ತಮ್ಮ ಲ್ಯಾಬಿನಲ್ಲಿ ಮಾಡಿದ ದ್ರಾವಣದ ಬಾಟಲಿ, ಬಟ್ಟೆಯಲ್ಲಿ ಸುತ್ತಿದ ತಮ್ಮದೇ ಗಾಜಿನ ಸಾಮಾನು. ನಾನು ನನ್ನ ದ್ರಾವಣ ಮುಂದೆ ಮಾಡಿದೆ. "ಅದು ನಿಮ್ಮದು ಇರಲಿ. ಒಂದು ಸಲ ಇದರಲ್ಲೂ ನೋಡೋಣ," ಎಂದು ನಯವಾಗಿ ಪಕ್ಕಕ್ಕೆ ಸರಿಸಿದರು. ನನ್ನ ಪ್ರೋಟೀನನ್ನು ತಮ್ಮ ದ್ರಾವಣದಲ್ಲಿ ಚೆನ್ನಾಗಿ ತೊಳೆದು, ಪುಡಿ ಬೆರೆಸಿದ್ದು, ಬೆರೆಸದ್ದು ಎರಡನ್ನೂ ಗಾಜಿನ ಹಲಗೆಗೆ ತಾವೇ ಹಾಕಿ, ಕರೆಂಟು ಕೊಟ್ಟರು. ಅದು ಓಡುವಷ್ಟು ಹೊತ್ತು ನಾವೆಲ್ಲ ಮನೆಗೆ ಊಟಕ್ಕೆ ಹೋದೆವು.

ಹೋಳಿಗೆ ಊಟವಾದ ಮೇಲೆ ಎಲೆ ಅಡಿಕೆ ಆಗಲೇಬೇಕು. ಪ್ರೊಫೆಸರರು ತಮಗೆ ಅಭ್ಯಾಸವಿಲ್ಲ ಎಂದರು. ಅಭ್ಯಾಸವಿಲ್ಲದ ಒಬ್ಬ ಮನುಷ್ಯನನ್ನು ಮಾವ ಅವತ್ತೇ ಮೊದಲು ನೋಡಿದ್ದು ಅಂತ ಕಾಣುತ್ತದೆ, ಆರೋಗ್ಯ ವಿಚಾರಿಸಿದರು. ಮತ್ತೆ ಕಾಲೇಜಿಗೆ ಹೊರಟಾಗ ಮಾವನೂ ಬಂದರು, ಗಿರಿಜೆಯೂ ಬಂದಳು. ತನ್ನ ಫ್ರಿಜ್ಜನ್ನು ಯಾವುದಕ್ಕೆ ಬಿಟ್ಟುಕೊಟ್ಟೆ ಎಂದು ಒಂದು ಸಲ ಕಣ್ಣಾರೆ ನೋಡಬೇಕು ಎಂಬುದು ಅವಳ ಆಸೆ. ಶಾಂತಮ್ಮನೂ ಹೊರಡಲು ಸಿದ್ಧವಿದ್ದಳು. ಹೇಗೋ ತಡೆದೆವು. ಆಮೇಲೆ ಅದಕ್ಕಾಗಿ ದೇವರಿಗೆ ಕೈ ಮುಗಿದಿದ್ದೇನೆ.

ಪ್ರೊಫೆಸರರು ಬಣ್ಣ ಹಾಕಿದರು. ನೀಲಿ ಗೆರೆಗಳು ಮೂಡಿದವು.

ಒಂದು ಮುಂದೆ. ಒಂದು ಹಿಂದೆ.

ಬಿಟ್ಟಿತ್ತು. ನನ್ನ ಪ್ರೋಟೀನು, ಯಾರಿಗೂ ಬಿಡದ ನನ್ನ ಪ್ರೋಟೀನು, ಪ್ರೊಫೆಸರರ ಕೈಯಲ್ಲಿ ಸುಣ್ಣವನ್ನು ಮರು ಮಾತಿಲ್ಲದೆ ಬಿಟ್ಟಿತ್ತು. ಗುರುಗಳ ಕಣ್ಣಿಗೆ ಬೆಣ್ಣೆ, ನನ್ನ ಕಣ್ಣಿಗೆ ಸುಣ್ಣ!

"ಪ್ರೋಟೀನಿನದು ಏನೂ ತಪ್ಪಿಲ್ಲ," ಎಂದರು ಪ್ರೊಫೆಸರರು. "ನಿಮ್ಮ ದ್ರಾವಣದಲ್ಲಿ ಎಲ್ಲಿಂದಲೋ ಕ್ಯಾಲ್ಸಿಯಂ ಸೇರುತ್ತಾ ಇದೆ. ಅದೂ ಸ್ವಲ್ಪ ಅಲ್ಲ, ಧಾರಾಳವಾಗಿ. ಕಿತ್ತುಕೊಳ್ಳೋ ಪುಡಿ ಪಾಪ ಎಷ್ಟು ಅಂತ ಕಿತ್ತುಕೊಳ್ಳುತ್ತೆ? ಎಲ್ಲಿಂದ ಬರ್ತಾ ಇರಬಹುದು?"

ನೀರು ಇರಬಹುದು ಎಂದೆ. ಗಾಜು ಇರಬಹುದು ಎಂದೆ. ಹಳೆಯ ಕಟ್ಟಡ, ಧೂಳು ಇರಬಹುದು ಎಂದೆ. ಗಿರಿಜೆಯ ಕಡೆ ನೋಡಲಾಗಲಿಲ್ಲ. ಇಂಥ ಹೊತ್ತಿನಲ್ಲಿ ಮನಸ್ಸಿಗೆ ಧೈರ್ಯ ಬೇಕು. ಕೈ ತಾನಾಗಿಯೇ ಮೇಜಿನ ಮೇಲಿದ್ದ ಗಂಟಿಗೆ ಹೋಯಿತು. ಒಂದು ಎಲೆ ತೆಗೆದೆ, ತೊಡೆಗೆ ಒರೆಸಿದೆ, ತೊಟ್ಟು ಮುರಿದೆ, ಸುಣ್ಣ ಸವರಿದೆ, ಅಡಿಕೆ ಇಟ್ಟು ಬಾಯಿಗೆ ಹಾಕಿಕೊಂಡೆ. ಮಾತು ಮುಂದುವರಿಸಿದೆ.

"ನನಗನ್ನಿಸ್ತದೆ ಸಾರ್, ಇದು ಬಹಳ ಗೂಢವಾದ ಸಮಸ್ಯೆ."

ಪ್ರೊಫೆಸರರು ನನ್ನ ಮುಖ ನೋಡುತ್ತಿರಲಿಲ್ಲ. ನನ್ನ ಕೈ ನೋಡುತ್ತಿದ್ದರು.

"ಮೇಷ್ಟ್ರೇ, ಈಗ ಏನು ಮಾಡಿದಿರಿ?"

"ಏನೂ ಮಾಡಲಿಲ್ಲ ಸಾರ್."

ನಾನು ಸುಳ್ಳು ಹೇಳುತ್ತಿರಲಿಲ್ಲ. ಆದರೆ ನನ್ನ ತೋರುಬೆರಳು ನನ್ನ ದ್ರಾವಣದ ದೊಡ್ಡ ಬಾಟಲಿಯ ಕತ್ತಿನ ಮೇಲಿತ್ತು. ಅದರಡಿಯಲ್ಲಿ ಬೆಳ್ಳಗೆ ಒಂದು ಗೆರೆ, ಇನ್ನೂ ಒದ್ದೆಯಾಗಿತ್ತು. ಅದರ ಕೆಳಗೆ ಒಣಗಿದ ಹಳೆಯ ಗೆರೆಗಳು, ಒಂದರ ಮೇಲೊಂದು. ಪ್ರೊಫೆಸರರು ಕನ್ನಡಕ ಸರಿಮಾಡಿಕೊಂಡು ಬಗ್ಗಿದರು. ಮೇಜಿನ ಅಂಚಿನ ಕೆಳಗೆ ಬೆರಳಿನ ಗುರುತುಗಳ ಜಾತ್ರೆ. ನಲ್ಲಿಯ ಕಿವಿಯ ಮೇಲೆ. ಕೊಳವೆಗಳ ಸ್ಟ್ಯಾಂಡಿನ ಮೇಲೆ. ಆಲಿಕೆಯ ಬಾಯಿಗೆ. ದ್ರಾವಣ ಸುರಿಯುವಾಗೆಲ್ಲ ಬಾಟಲಿಯ ಕತ್ತನ್ನು ತೊಳೆದುಕೊಂಡೇ ಅದು ಹರಿಯುತ್ತಿತ್ತು.

ಗಿರಿಜೆಯೂ ಬಗ್ಗಿ ನೋಡಿದಳು. ಅವಳಿಗೆ ಪ್ರೋಟೀನು ಗೊತ್ತಿಲ್ಲದೆ ಇರಬಹುದು, ಆ ಗುರುತುಗಳು ಮಾತ್ರ ಚೆನ್ನಾಗಿ ಗೊತ್ತಿದ್ದವು. ಎಷ್ಟು ವರ್ಷ ಉಜ್ಜಿದವಳು!

"ಮನೆ ಕಂಬ ಸಾಲದು ಅಂತ ಇಲ್ಲೂ ಶುರು ಮಾಡೀರಾ?" ಎಂದಳು.

ಕಿಟಕಿಯ ಬಳಿ ನಿಂತಿದ್ದ ಮಾವ, ಕಿಟಕಿಯ ಚೌಕಟ್ಟಿನ ಹತ್ತಿರ ಹೋಗಿದ್ದ ತಮ್ಮ ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಏನು ಮಾಡುವುದೆಂದು ತಿಳಿಯದೆ ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನಿಂತರು.

ಪ್ರೊಫೆಸರರು ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. "ಎಲೆ ಅಡಿಕೆ ಬಿಡಿ ಅಂತ ನಾನು ಹೇಳಲ್ಲ, ಈ ಕೋಣೆಯೊಳಗೆ ಬೇಡ ಅಷ್ಟೇ. ಎಲ್ಲ ತೊಳೆದು ಮತ್ತೆ ಮಾಡಿ. ಯುಗಾದಿವರೆಗೆ ಕಾಯ್ತೀನಿ," ಎಂದು ಹೇಳಿ, ಬುಟ್ಟಿ ಎತ್ತಿಕೊಂಡು ಬಸ್ಸಿಗೆ ಹೊರಟರು. ಬಸ್ ನಿಲ್ದಾಣದವರೆಗೆ ಅವರ ಜೊತೆ ಹೋದೆ. ದಾರಿಯಲ್ಲಿ ಪ್ರತಿಯೊಂದು ಅಂಗಡಿಯ ಕಂಬವನ್ನೂ ಅವರು ನಿಂತು ಗಮನವಿಟ್ಟು ನೋಡಿದರು.

ಎಷ್ಟು ಸಣ್ಣ ಷರತ್ತು! ನಾನು ಶಪಥ ಮಾಡಿದೆ. ಲ್ಯಾಬ್ ತೊಳೆದೆ. ಎಲೆ ಅಡಿಕೆ ಹಾಕಿಕೊಳ್ಳಬೇಕೆನಿಸಿದರೆ ಹೊರಗೆ ವರಾಂಡಕ್ಕೆ ಹೋಗುತ್ತಿದ್ದೆ. ಹಾಕಿಕೊಂಡು, ಬೆರಳನ್ನು ಬಾಗಿಲ ಹಿಡಿಗೆ ಒರೆಸಿ, ಅದೇ ಹಿಡಿ ಹಿಡಿದು ಬಾಗಿಲು ತೆಗೆದು ಒಳಗೆ ಬರುತ್ತಿದ್ದೆ. ಇದು ಗೊತ್ತಾದದ್ದು ಬಹಳ ತಡವಾಗಿ. ಆಗ ಗಿರಿಜೆ ಒಂದು ಕರ್ಚೀಫನ್ನು ನನ್ನ ಅಂಗಿಯ ಗುಂಡಿಗೆ ಹೊಲಿದು ಕಟ್ಟಿದಳು. ಒರೆಸುವುದಿದ್ದರೆ ಇದಕ್ಕೇ ಒರೆಸಬೇಕು ಎಂದು ಆಜ್ಞೆ. ಒರೆಸಿದೆ. ತಪ್ಪದೆ ಒರೆಸಿದೆ. ಆಮೇಲೆ ಅದೇ ಕರ್ಚೀಫಿನಿಂದ ತೊಳೆದ ಗಾಜಿನ ಕೊಳವೆಗಳನ್ನೂ ಒರೆಸಿ ಒಣಗಿಸಿದೆ. ಎಲೆ ಅಡಿಕೆಯನ್ನೇ ಬಿಟ್ಟು ನೋಡಿದೆ. ತಲೆ ಓಡಲಿಲ್ಲ. ಕೆರೆಬಿಳಚಿಗೆ ಹೋದಾಗ ಮಾವ ಕೊಟ್ಟ ಎಲೆಯನ್ನು ಬೇಡ ಎಂದಿದ್ದಕ್ಕೆ ಅವರು ಮನೆಯಲ್ಲಿ ಏನು ಜಗಳ ಎಂದು ಮಗಳನ್ನು ಪಕ್ಕಕ್ಕೆ ಕರೆದು ಕೇಳಿದರು. ಪ್ರೋಟೀನು ಯುಗಾದಿವರೆಗೂ ಸುಣ್ಣ ಬಿಡಲಿಲ್ಲ. ಯುಗಾದಿಗೆ ಪ್ರೊಫೆಸರರು ನನ್ನನ್ನು ಬಿಟ್ಟರು.

ಆ ಪ್ರೋಟೀನು ಸುಣ್ಣವನ್ನು ಹೇಗೆ ಬಿಡುತ್ತದೆ ಎಂದು ಆಮೇಲೆ ಬೇರೆ ಯಾರೋ ಕಂಡುಹಿಡಿದರಂತೆ. ಅವರ ಊರಲ್ಲಿ ಎಲೆ ಅಡಿಕೆ ಸಿಗುವುದಿಲ್ಲ.

ಗಿರಿಜೆ ಫ್ರಿಜ್ಜಿಗೆ ಬಿಸಿನೀರು ಹಾಕಿ ತೊಳೆದು, ಊದುಬತ್ತಿ ಹಚ್ಚಿ, ಹೊಸದಾಗಿ ಕುಂಕುಮ ಇಟ್ಟಳು. ಆ ದಿನ ನಾನು ಅವಳ ಪಕ್ಕ ಕೂತು, ಬೀದಿಯವರ ಮುಂದೆ ನೀನು ಕೊಟ್ಟ ಮಾತನ್ನು ನಾನು ಉಳಿಸಲಿಲ್ಲ ಎಂದೆ. ನಿಜವಾಗಿಯೂ ನನಗೆ ಸಂಕಟವಾಗಿತ್ತು. ಡಾಕ್ಟರಾಗದ ದುಃಖಕ್ಕಿಂತ ಅದು ದೊಡ್ಡದು. ಅವಳು ಫ್ರಿಜ್ ಒರೆಸುವುದನ್ನು ನಿಲ್ಲಿಸಲಿಲ್ಲ.

"ನಾನು ಏನು ಹೇಳಿದ್ದೆ? ತಿನ್ನಾಕೆ ತಂದಿಲ್ಲ, ಕಲಿಯಾಕೆ ತಂದಾರೆ ಅಂತ. ತಿನ್ನಲಿಲ್ವಲ್ಲ. ಅರ್ಧ ಮಾತು ಉಳೀತು ಬಿಡ್ರಿ."

ಶಾಂತಮ್ಮ ಕೇಳಿದ್ದಕ್ಕೂ ಅವಳು ಇಷ್ಟೇ ಹೇಳಿದಳಂತೆ: ಪ್ರೋಟೀನು ಸುಣ್ಣ ಬಿಡುತ್ತೋ ಇಲ್ಲವೋ ಅಂತ ನೋಡಬೇಕಾಗಿತ್ತು, ನೋಡಿದ್ದಾಯಿತು. ಅದು ಬಿಟ್ಟಿತು, ಇವರು ಬಿಡಲಿಲ್ಲ. ಶಾಂತಮ್ಮ ಅರ್ಥವಾದವಳ ಹಾಗೆ ತಲೆಯಾಡಿಸಿ, ಮಲ್ಲಿಗೆ ತಂದು ಫ್ರಿಜ್ಜಿನಲ್ಲಿಟ್ಟಳು.

ಇಷ್ಟನ್ನೂ ಬರೆದು ಮುಗಿಸಿ, 'ಆ ಅಭ್ಯಾಸ ಈಗ ಪೂರ್ತಿ ಹೋಗಿದೆ' ಎಂದು ಕೊನೆಗೊಂದು ಸಾಲು ಸೇರಿಸಿ ಗಿರಿಜೆಗೆ ಓದಲು ಕೊಟ್ಟೆ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. ಕೊನೆಯ ಹಾಳೆಯನ್ನು ಬೆಳಕಿಗೆ ಹಿಡಿದು ಕೇಳಿದಳು:

"ಕೆಳಗೆ ಸಹಿ ಹಾಕೀರಾ?"

ಇಲ್ಲ, ಇನ್ನೂ ಹಾಕಿಲ್ಲ ಎಂದೆ.

"ಹಾಕೀರಿ ನೋಡ್ರಿ," ಎಂದು ಹಾಳೆಯ ಅಂಚಿನಲ್ಲಿ ಬೆಳ್ಳಗೆ ಮೂಡಿದ್ದ ಬೆರಳಿನ ಗುರುತನ್ನು ತೋರಿಸಿದಳು.

ಕೊನೆಯ ಆ ಸಾಲನ್ನು ಹೊಡೆದುಹಾಕಿದ್ದೇನೆ.